ರಾಯರನ್ನೇ ಕೇಳಿ

ತುಳಸಾಬಾಯಿ ಮತ್ತೆ ಸುಳ್ಳು ಹೇಳುತ್ತಿದ್ದರು. ಅದೂ ರಾಯರ ಕಣ್ಣೆದುರಿಗೇ.

"ಹೆರಿಗಿ ಛಲೋ ಆತವಾ. ಯಾವ ತ್ರಾಸೂ ಇರಲಿಲ್ಲ," ಎಂದರು, ಬರಿ ಹಣೆಯ ಬೆವರನ್ನು ಸೆರಗಿನಿಂದ ಒರೆಸಿಕೊಳ್ಳುತ್ತ. "ಸೊಸಿ ಗ್ರಹಣದ ದಿನಾ ಸೌತಿಕಾಯಿ ಹೆಚ್ಚಿದ್ಲು. ಅದಕ್ಕ ಕೂಸಿಗೆ ಹಿಂಗಾತು."

ಕೇಳಿಸಿಕೊಳ್ಳುತ್ತಿದ್ದವಳು ಸುಮತಿ, ಹಿಮಾಯತ್‌ನಗರದ ಆ ಹಳೆಯ ಮನೆಗೆ ಎರಡು ತಿಂಗಳಿಂದ ಬರುತ್ತಿದ್ದ ಫಿಸಿಯೋಥೆರಪಿಸ್ಟ್. ಬಾಗಿಲ ಬಳಿ ಸೊಪ್ಪು ಸೋಸುತ್ತಿದ್ದ ಸೊಸೆ ಸಂಪದಾ ತಲೆ ತಗ್ಗಿಸಿದಳು. ಅವಳು ಈಗ ತುಂಬು ಬಸುರಿ. ಮೊದಲ ಮಗುವಿಗೆ ಸೆರೆಬ್ರಲ್ ಪಾಲ್ಸಿ. ಅದು ತನ್ನದೇ ತಪ್ಪು ಎಂದು ಅತ್ತೆ ಹೇಳಿದ್ದನ್ನು ಅವಳು ನಂಬಿಬಿಟ್ಟಿದ್ದಳು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತ ರಾಯರಿಗೆ ಮೈಯೆಲ್ಲ ಉರಿಯಿತು. ಸೌತೆಕಾಯಿ ಹೆಚ್ಚಿದರೆ ಮಗುವಿನ ಮಿದುಳಿಗೆ ಪೆಟ್ಟು ಬೀಳುವುದಂತೆ. ಎಂಥ ಮೂರ್ಖರ ಮನೆಯಪ್ಪಾ ಇದು ಎಂದುಕೊಂಡರು.

ಅವರ ಹೆಸರು ಜಯತೀರ್ಥ. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ತುಳಸಾಬಾಯಿ 'ರಾಯರು' ಎನ್ನುತ್ತಿದ್ದರು. ಮನೆಮಂದಿಗೆಲ್ಲ ಅದೇ ರೂಢಿಯಾಗಿತ್ತು. ಮರ್ಯಾದೆಗೇನೂ ಕೊರತೆಯಿರಲಿಲ್ಲ. ಮೆತ್ತಗೆ ಕಲಸಿದ ಅನ್ನ ಮೊದಲು ರಾಯರಿಗೆ, ಆಮೇಲೆ ಉಳಿದವರಿಗೆ. ದಿನಾ ಕಾಲಿಗೆ ಎಣ್ಣೆ ತಿಕ್ಕುವುದೇನು, ಕುರ್ಚಿಗೆ ದಿಂಬು ಜೋಡಿಸುವುದೇನು. ಆದರೆ ಅವರ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಪಕ್ಕದ ಮನೆಯ ಯಮುನಾಬಾಯಿಯಂತೂ ಕಿವುಡರೊಡನೆ ಮಾತಾಡುವಂತೆ ಕಿರುಚುತ್ತಿದ್ದಳು: "ರಾಯರ, ಊಟಾ ಆತೇನ್ರೀ?" ರಾಯರ ಕಿವಿ ನೆಟ್ಟಗಿತ್ತು. ಇಂಥವಳಿಗೆಲ್ಲ ಉತ್ತರ ಬೇರೆ ಕೇಡು ಎಂದು ಅವರು ಮುಖ ತಿರುಗಿಸುತ್ತಿದ್ದರು.

ಆಡಿದ ಮಾತು ಹೊರಗೆ ಹೋಗುವುದಿಲ್ಲವೆಂದು ಖಾತ್ರಿಯಾದರೆ ಜನ ಎಷ್ಟು ಬೇಗ ಬತ್ತಲಾಗುತ್ತಾರೆ. ಮಿಲಿಂದನನ್ನೇ ನೋಡಿ. ತುಳಸಾಬಾಯಿಯ ಒಬ್ಬನೇ ಮಗ, ಸಂಪದಾಳ ಗಂಡ. ಕಂಡವರ ಎದುರು ಆಸ್ಪತ್ರೆಯ ಮೇಲೆ ಕೇಸು ಹಾಕುತ್ತೇನೆಂದು ಮೀಸೆ ತಿರುವುತ್ತಾನೆ. ಕಚೇರಿಯಿಂದ ಬಂದು ರಾಯರ ಮುಂದೆ ಕುಳಿತಾಗ ಮಾತ್ರ, "ಅವ್ವನ ಮಾತು ಮೀರಲಿಕ್ಕಾಗಲಿಲ್ಲ," ಎಂದು ಮೂಗೊರೆಸಿಕೊಳ್ಳುತ್ತಾನೆ. ಇಂಥ ಹೇಡಿಗೂ ತಮಗೂ ರಕ್ತಸಂಬಂಧವಿದೆಯಲ್ಲಾ ಎಂದು ರಾಯರಿಗೆ ಹೇಸಿಕೆಯಾಗುತ್ತಿತ್ತು.

ಆ ಅವ್ವನ ಮಾತು ಏನೆಂಬುದನ್ನು ಮೊನ್ನೆ ಸ್ವತಃ ಅವ್ವನೇ ಬಿಚ್ಚಿದ್ದರು. ಮಧ್ಯಾಹ್ನ ಯಾರೂ ಇಲ್ಲದಾಗ ರಾಯರ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದರು.

"ಕೂಸಿನ ಎದಿಬಡಿತ ಇಳೀಲಿಕ್ಕೆ ಹತ್ತೇದ, ಈಗಿಂದೀಗ ಆಪರೇಶನ್ ಆಗಬೇಕು ಅಂದ್ಲು ಡಾಕ್ಟರಬಾಯಿ. ಮೂಲಾ ನಕ್ಷತ್ರ ಇನ್ನೂ ದಾಟಿರಲಿಲ್ಲ. ಮೂಲಾದಾಗ ಹುಟ್ಟಿದ್ರ ಅಪ್ಪಗ ಕೇಡು. ಸಹಿ ಮಾಡಬ್ಯಾಡ ಅಂತ ಮಿಲಿಂದಗ ನಾನ ಹೇಳಿದೆ. ನೀವ ಹೇಳ್ರಿ ರಾಯರ, ನನ್ನ ಮಗನ ಜೀವಾ ನಾ ನೋಡಬಾರದೇನು?"

ಅಷ್ಟಕ್ಕೇ ನಿಲ್ಲಿಸಿದ್ದರೆ ರಾಯರು ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದರೇನೋ. ತುಳಸಾಬಾಯಿ ಎಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕುತ್ತ ಸೇರಿಸಿದರು: "ಈ ಸಲಾನೂ ನಕ್ಷತ್ರ ನೋಡೇ ಸಹಿ ಮಾಡಸ್ತೀನಿ."

ಒಂದು ಮಗುವಿನ ಉಸಿರು ಕಟ್ಟಿಸಿದ್ದು ಈ ಹೆಂಗಸಿಗೆ ಸಾಲದೆ? ಅಂದಿನಿಂದ ರಾಯರಿಗೆ ಅನ್ನ ಸೇರಲಿಲ್ಲ. ಸಂಪದಾಳಾದರೋ ತುತ್ತು ಕೊಡಲು ಬಂದು, "ನನ್ನಿಂದನ ಎಲ್ಲಾ ಆತು, ಕ್ಷಮಾ ಮಾಡ್ರಿ ರಾಯರ," ಎಂದು ಅಳುತ್ತ ಕೂರುತ್ತಿದ್ದಳು. ಹೊಟ್ಟೆಯಲ್ಲಿರುವ ಕೂಸಿಗೂ ಅದೇ ಗತಿ ಕಾದಿದೆಯೆಂದು ಅವಳಿಗೆ ಹೇಳುವವರು ಯಾರು?

ಸುಮತಿಯೊಬ್ಬಳು ಬೇರೆ ಜಾತಿಯ ಪ್ರಾಣಿ. ಅವಳು ರಾಯರನ್ನು ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕಾಯುತ್ತಿದ್ದಳು. ಹೀಗಾಗಿ ಅವಳಿಗೆ ಮಾತ್ರ ಅವರು ಉತ್ತರ ಕೊಡುತ್ತಿದ್ದರು, ಅದೂ ಹೌದು ಇಲ್ಲ ಅಷ್ಟೇ. ಇದು ಮನೆಯವರಿಗೆ ಗೊತ್ತಿರಲಿಲ್ಲ.

ಈಗ ಸುಮತಿ ತುಳಸಾಬಾಯಿಯ ಕಡೆಗೆ ತಿರುಗಿದಳು. "ಎಲ್ಲಾ ಕೂಸುಗಳಿಗೂ ಹೆರಿಗಿ ಪೆಟ್ಟಿನಿಂದನ ಹಿಂಗ ಆಗತೈತಿ ಅಂತ ಅಲ್ರಿ. ಆದ್ರ ಆವಾಗ ತಡ ಆಗಿದ್ರ ಈ ಸಲ ಡಾಕ್ಟರಿಗೆ ಮೊದಲ ಹೇಳಬೇಕು. ಖರೇ ಹೇಳ್ರಿ, ತಡ ಆಗಿತ್ತೇನ್ರಿ?"

"ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನು?" ತುಳಸಾಬಾಯಿ ನಕ್ಕರು. "ಹಂಗಾರ ರಾಯರನ್ನ ಕೇಳು. ಅವರೂ ಅಲ್ಲೇ ಇದ್ರಲ್ಲ."

ಸುಮತಿ ನಗಲಿಲ್ಲ. ಕುರ್ಚಿಯ ಎದುರು ಮಂಡಿಯೂರಿ ಕುಳಿತಳು.

"ರಾಯರ, ಹೌದಂದ್ರ ಮ್ಯಾಲ ನೋಡ್ರಿ, ಇಲ್ಲಂದ್ರ ಕೆಳಗ. ಆಪರೇಶನ್ ತಡ ಆತು ಅಂತ ಯಾರರ ನಿಮ್ಮ ಮುಂದ ಹೇಳ್ಯಾರೇನ್ರಿ?"

ರಾಯರು ಮೇಲೆ ನೋಡಿದರು. ಸಂಪದಾಳ ಕೈಯಲ್ಲಿನ ಸೊಪ್ಪು ಅಲ್ಲೇ ನಿಂತಿತು.

"ಡಾಕ್ಟರು ತಡ ಮಾಡಿದ್ರೇನು?"

ಕೆಳಗೆ.

"ಮತ್ತ ಯಾರು? ಇಲ್ಲಿ ಅದಾರೇನು? ಕಣ್ಣಿಲೆ ತೋರಸ್ರಿ."

ಮಾತಾಡಲಾರದವರ ಮುಂದೆ ಏನು ಬೇಕಾದರೂ ಒದರಬಹುದು ಎಂದುಕೊಂಡಿದ್ದ ಆ ಮುಖವನ್ನು ರಾಯರು ನೋಡಿದರು. ತುಳಸಾಬಾಯಿ ಎದ್ದು ಪಕ್ಕಕ್ಕೆ ಸರಿದರು. ರಾಯರ ಕಣ್ಣು ಅವರ ಬೆನ್ನಿಗೇ ಹೋಯಿತು. ತುಳಸಾಬಾಯಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ರಾಯರು ಅಲ್ಲಿಯೂ ಬಿಡಲಿಲ್ಲ.

"ಈ ಸಲ ಸಹಿ ನಾನ ಮಾಡ್ತೀನಿ," ಎಂದಳು ಸಂಪದಾ. ಅತ್ತೆಯ ಎದುರು ಅವಳ ದನಿ ಇಷ್ಟು ಗಟ್ಟಿಯಾಗಿ ಎಂದೂ ಹೊರಟಿರಲಿಲ್ಲ.

ಆಮೇಲೆ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಎದ್ದು ಬಂದು, ಸತ್ತ ಮಾವನ ಹೆಸರು ಹೊತ್ತು ಆ ಕುರ್ಚಿಯಲ್ಲಿದ್ದ ತನ್ನ ಒಂಬತ್ತು ವರ್ಷದ ಮಗನ ಮುಂದೆ ಕುಳಿತು ಕೇಳಿದಳು: "ಇಷ್ಟು ದಿನಾ ನಿನಗ ಎಲ್ಲಾ ತಿಳೀತಿತ್ತೇನೋ, ಕಂದಾ?"