ಫೋಟೊಗೆ ನಿಲ್ಲದವನು

“ನಮ್ಮೊಳಗೇ ಯಾರೋ ಹೆಸರು ಕೊಡ್ತಿದ್ದಾರೆ,” ಎಂದರು ಹಾಲಿನಾ.

ಅನಂತಕೃಷ್ಣನ ಕಣ್ಣು ನೆಟ್ಟಗೆ ಬಾಗಿಲ ಪಕ್ಕದ ಕುರ್ಚಿಗೆ ಹೋಯಿತು. ಅಲ್ಲಿ ಕೂತಿದ್ದ ಅಲೆಸ್ ಆಗಲೇ ಜಾಗ ಖಾಲಿ ಮಾಡಿದ್ದ. ಪ್ರತಿ ಶನಿವಾರವೂ ಇದೇ ಆಟ. ಫೋಟೊ ತೆಗೆಯುವ ಹೊತ್ತಿಗೆ ಆಸಾಮಿ ಮಾಯ.

ಹಾಲಿನಾ ಬೆಲಾರುಸ್ ದೇಶದವರು. ಸ್ಟಾಕ್‌ಹೋಮಿನಲ್ಲಿ ವಿಶ್ವವಿದ್ಯಾಲಯದ ಹುಡುಗರಿಗೆ ತಮ್ಮ ನುಡಿ ಕಲಿಸುತ್ತಿದ್ದರು. ಶನಿವಾರ ಮಧ್ಯಾಹ್ನ ನಗರದ ಅಂಚಿನ ಸುಂಡ್‌ಬೀಬರ್ಯ್‌ನ ಒಂದು ಬಾಡಿಗೆ ಕೋಣೆಯಲ್ಲಿ, ಊರು ಬಿಟ್ಟು ಬಂದ ತಮ್ಮವರನ್ನು ಕೂಡಿಸಿ ಓದಿಸುತ್ತಿದ್ದರು, ಹಾಡಿಸುತ್ತಿದ್ದರು, ಒಣಹುಲ್ಲಿನಲ್ಲಿ ಹಕ್ಕಿ ಹೆಣೆಯುವುದನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಮಕ್ಕಳು ಸ್ವೀಡಿಶ್‌ನಲ್ಲೇ ಉತ್ತರ ಕೊಟ್ಟರೂ ಬಿಡುತ್ತಿರಲಿಲ್ಲ.

ಬೆಂಗಳೂರಿನ ಅನಂತಕೃಷ್ಣನಿಗೆ ಅಲ್ಲೇನು ಕೆಲಸ? ಎಲ್ಲ, ಕಟ್ಟಡದವರು ಹಂಚಿಕೊಳ್ಳುವ ಬಟ್ಟೆ ಒಗೆಯುವ ಕೋಣೆಯ ಕೃಪೆ. ಒಂದೇ ಕಟ್ಟಡದವರು, ಮಷೀನು ತಿರುಗುವಷ್ಟು ಹೊತ್ತು ಹರಕು ಮುರುಕು ಸ್ವೀಡಿಶ್‌ನಲ್ಲಿ ಮಾತು ಬೆಳೆಯಿತು. “ನಮ್ಮ ರಾಜಧಾನಿ ಮಿನ್ಸ್ಕ್‌ನಲ್ಲಿ ರಷ್ಯನ್ ಬಿಟ್ಟು ನಮ್ಮ ಭಾಷೆ ಆಡಿದ್ರೆ ಅಂಗಡಿಯವನು ಹಳ್ಳಿ ಗುಗ್ಗು ಅನ್ನೋ ಹಾಗೆ ನೋಡ್ತಾನೆ,” ಎಂದಿದ್ದರು ಹಾಲಿನಾ. ಅಷ್ಟು ಸಾಕಾಯಿತು. ಅಯ್ಯೋ, ಇದು ನಮ್ಮ ಮನೆ ಕಥೆಯೇ ಅಲ್ಲವೇ ಎಂದು ಅನಂತಕೃಷ್ಣನ ಕರುಳು ಚುರುಕ್ ಎಂದಿತು. ಅವತ್ತಿನಿಂದ ಶನಿವಾರಗಳು ಅವರ ಪಾಲಿಗೆ.

ಕುರ್ಚಿ ಹಾಕುವವನು ಅವನೇ, ಕಾಫಿ ಕಾಸುವವನು ಅವನೇ, ಕೊನೆಗೆ ತಮ್ಮೂರ ಕನ್ನಡಿಗರ ಸಂಘವಾದ ಕನ್ನಡ ಕೂಟದ ಪದ್ಧತಿಯಂತೆ ಒಬ್ಬರನ್ನೂ ಬಿಡದೆ ಹೆಸರು ಹಿಡಿದು ವಂದನಾರ್ಪಣೆ ಮಾಡುವವನೂ ಅವನೇ. ಇನ್ನು ಗುಂಪು ಫೋಟೊ ಇಲ್ಲದೆ ಕಾರ್ಯಕ್ರಮ ಮುಗಿಯುವುದುಂಟೇ? ಒಂದು ಪ್ರತಿ ಆ ಕೋಣೆಯ ಗೋಡೆಗೆ. ಇನ್ನೊಂದು ಪ್ರತಿ ಹೆಂಡತಿ ಪಾವನಾಗೆ. ಕೂಟದ ವೆಬ್‌ಸೈಟು ನೋಡಿಕೊಳ್ಳುವವಳು ಅವಳು. ನಮ್ಮಂಥದೇ ಇನ್ನೊಂದು ನುಡಿಯ ಪಾಡು ನಮ್ಮವರಿಗೂ ತಿಳಿಯಲಿ ಎಂದು ಅವನು ಕನ್ನಡದಲ್ಲಿ ವರದಿ ಬರೆದುಕೊಡುತ್ತಿದ್ದ. ಫೋಟೊದ ಕೆಳಗಿನ ಹೆಸರುಗಳು ಮಾತ್ರ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹಾಕಿದರೆ ಅವು ಎಕ್ಕುಟ್ಟಿ ಹೋಗುತ್ತವೆ ಎಂಬ ಚಿಂತೆ ಅವನಿಗೆ.

“ಯಾರ್ರೀ ಓದ್ತಾರೆ ಇದನ್ನ? ಬಿಸಿಬೇಳೆಬಾತ್ ರೆಸಿಪಿ ಹಾಕಿದ್ರೆ ನಾಲ್ಕು ಜನ ಆದ್ರೂ ನೋಡ್ತಿದ್ರು,” ಎಂದು ಪಾವನಾ ಛೇಡಿಸುತ್ತಿದ್ದಳು.

2007ರಲ್ಲಿ ಆ ಶನಿವಾರಗಳ ಹೆಗಲಿಗೆ ಶನಿ ಏರಿತು. ತಮ್ಮ ನುಡಿ ಎಂದು ಕೂಡುವವರೆಲ್ಲ ಅಲ್ಲಿಯ ಸರ್ಕಾರದ ಕಣ್ಣಿಗೆ ವಿರೋಧಿಗಳೇ. ಮೊದಲು ಮಿನ್ಸ್ಕ್‌ನಲ್ಲಿ ಸದಸ್ಯೆಯೊಬ್ಬಳ ಅಕ್ಕನ ಕೆಲಸ ಹೋಯಿತು. ಆಮೇಲೆ ಇನ್ನೊಬ್ಬರ ಅಣ್ಣನ ಮಗನನ್ನು ಕಾಲೇಜಿನಿಂದ ಹೊರಗೆ ಹಾಕಿದರು. ಈಗ ಹಾಲಿನಾರ ತಮ್ಮ, ಶಾಲೆ ಮೇಷ್ಟ್ರು. ಅಲ್ಲಿಯ ಅಧಿಕಾರಿಗಳು ಅವನನ್ನು ಕರೆಸಿ, ಅವನ ಅಕ್ಕನ ಜೊತೆ ಶನಿವಾರ ಕೂರುವವರ ಹೆಸರುಗಳನ್ನೆಲ್ಲ ಗಿಣಿಪಾಠದಂತೆ ಒಪ್ಪಿಸಿ, ನಾಳೆಯಿಂದ ಶಾಲೆಗೆ ಬರಬೇಡ ಎಂದಿದ್ದರು. ಕೋಣೆಯಲ್ಲಿ ಅರ್ಧ ಕುರ್ಚಿಗಳು ಖಾಲಿಯಾದವು.

“ಇನ್ನೊಂದು ಮನೆ ಹಾಳಾದ್ರೆ ನಾನು ಈ ಕೋಣೆಗೆ ಬೀಗ ಹಾಕ್ತೀನಿ ಅನಂತ,” ಎಂದರು ಹಾಲಿನಾ.

ಬೀಗ ಬೀಳಲು ಬಿಡಬಾರದು, ಕಳ್ಳನನ್ನು ಹಿಡಿಯಲೇಬೇಕು ಎಂದು ಅನಂತಕೃಷ್ಣ ಹಟ ತೊಟ್ಟ. ಹಿಡಿಯುವುದೇನು ದೊಡ್ಡ ವಿಷಯ? ಎಲ್ಲರ ಮನೆಗೂ ಏಟು ಬಿದ್ದಿದೆ, ಅಲೆಸ್‌ನ ಮನೆಗೆ ಮಾತ್ರ ಒಂದು ಗೀರೂ ಇಲ್ಲ. ಯಾರ ಹತ್ತಿರವೂ ಮಾತಿಲ್ಲ, ಕಥೆಯಿಲ್ಲ. ಕ್ಯಾಮೆರಾ ಕಂಡರೆ ಟೋಪಿ ಎಳೆದುಕೊಂಡು ಪರಾರಿ. ಇನ್ನೇನು ಬೇಕು?

ಮುಂದಿನ ಶನಿವಾರ ಅನಂತಕೃಷ್ಣ ಬಾಗಿಲಿಗೆ ಅಡ್ಡ ನಿಂತ.

“ಎಲ್ಲಿಗೆ ಹೊರಟೆ ಅಲೆಸ್? ಫೋಟೊ ಇದೆ.”

“ನನಗೆ ಬೇಡ.”

“ಯಾಕೆ? ನಮ್ಮ ಜೊತೆ ಕಾಣಿಸಿಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?”

ಅಲೆಸ್ ಬಿಳಿಚಿಕೊಂಡ. “ಊರಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ಒಂದು ಪುಟ್ಟ ಲೈಬ್ರರಿ ನೋಡ್ಕೋತಾಳೆ.”

“ಹಾಲಿನಾ ಅವರ ತಮ್ಮನೂ ಊರಲ್ಲೇ ಇದ್ದಾನೆ. ಅವನ ಕೆಲಸ ಹೋಯ್ತು. ನಿನ್ನ ಅಮ್ಮನ ಕೆಲಸ ಮಾತ್ರ ಹೇಗೆ ಉಳೀತು?”

ಅಲೆಸ್ ಹಾಲಿನಾರ ಮುಖ ನೋಡಿದ. ಅವರು ತಲೆ ತಗ್ಗಿಸಿದರು.

“ನೀವೂನಾ?” ಎಂದ ಅಲೆಸ್. ಟೋಪಿ ತೆಗೆದ. ಸುಮ್ಮನೆ ಬಂದು ಮೊದಲ ಸಾಲಿನಲ್ಲಿ ನಿಂತುಕೊಂಡ.

ಅನಂತಕೃಷ್ಣ ಫೋಟೊ ಹೊಡೆದ. ಅಲೆಸ್‌ನ ಪೂರ್ತಿ ಹೆಸರನ್ನು ವರದಿಗೆಂದು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡ. ಎಲ್ಲರಿಗೂ ಸಿಗುವ ಮರ್ಯಾದೆ ಇವನಿಗೂ ಸಿಗಲಿ. ಇನ್ನು ಇವನು ಬಾಯಿ ಬಿಟ್ಟರೆ ತಾನೂ ನಮ್ಮ ಜೊತೆಗೇ ಮುಳುಗುತ್ತಾನೆ. ಬಹಳ ದಿನದ ಮೇಲೆ ಅವತ್ತು ಅನಂತಕೃಷ್ಣ ಮನೆಗೆ ಸಿಳ್ಳೆ ಹಾಕಿಕೊಂಡು ಹೋದ.

ತಿಂಗಳು ತುಂಬುವ ಮೊದಲೇ ಆ ಪುಟ್ಟ ಲೈಬ್ರರಿಯ ಮುಂದೆ ಸರ್ಕಾರಿ ಕಾರು ಬಂದು ನಿಂತಿತು. ವಿಚಾರಣೆಗೆಂದು ಕರೆದೊಯ್ದ ಮುದುಕಿ ಅಲ್ಲೇ ಕುಸಿದುಬಿದ್ದಳಂತೆ. ಆಸ್ಪತ್ರೆ ಮುಟ್ಟಲಿಲ್ಲ. ಅಲೆಸ್ ಮಣ್ಣಿಗೂ ಹೋಗುವಂತಿರಲಿಲ್ಲ. ಹೋದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಿದ್ದರು.

ಹಾಲಿನಾ ಆಡಿದಂತೆ ಮಾಡಿದರು. ಹುಲ್ಲಿನ ಹಕ್ಕಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಕೋಣೆಗೆ ಬೀಗ ಜಡಿದು, ಮೆಟ್ಟಿಲ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತರು. “ಅವನಲ್ಲ ಅನಂತ. ಪಾಪ, ಅವನಲ್ಲ. ಹಾಗಾದ್ರೆ ಯಾರು?”

ಅನಂತಕೃಷ್ಣ ಪೆಟ್ಟಿಗೆ ಹೊತ್ತು ಅವರ ಮನೆ ಮುಟ್ಟಿಸಿ ಬಂದು, ಕೋಟು ಸಹ ಬಿಚ್ಚದೆ ಸೋಫಾ ಮೇಲೆ ಕುಕ್ಕರಿಸಿದ. ಪಾವನಾಗೆ ನೋಡಲಾಗಲಿಲ್ಲ. ಲ್ಯಾಪ್‌ಟಾಪ್ ತಂದು ಅವನ ತೊಡೆಯ ಮೇಲಿಟ್ಟಳು.

“ಬೇಜಾರ್ ಮಾಡ್ಕೋಬೇಡಿ ರೀ. ನಿಮ್ಮ ಕಷ್ಟ ಏನೂ ವೇಸ್ಟ್ ಆಗಿಲ್ಲ. ಯಾರೂ ಓದಲ್ಲ ಅಂತ ಸುಮ್ನೆ ರೇಗಿಸ್ತಿದ್ದೆ. ನೋಡಿ, ಯಾವ ಊರಿಂದ ಎಷ್ಟು ಜನ ನಮ್ಮ ಪೇಜ್ ನೋಡಿದಾರೆ ಅಂತ ಈ ಮ್ಯಾಪ್ ತೋರ್ಸುತ್ತೆ. ಜಾಸ್ತಿ ನೋಡಿದ್ರೆ ಚುಕ್ಕೆ ದೊಡ್ಡದು. ನಿಮ್ಮ ಶನಿವಾರದ ವರದಿಗಳಿಗೇ ರೀ ಎಲ್ಲಾ ಬಂದಿರೋದು!”

ಬೆಂಗಳೂರಿನ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ. ಸ್ಟಾಕ್‌ಹೋಮಿನ ಮೇಲೂ ಅಷ್ಟೇ.

ಕಾಸಗಲ ಕುಂಕುಮದಂತೆ ದೊಡ್ಡದಾಗಿದ್ದ ಚುಕ್ಕೆ ಮಿನ್ಸ್ಕ್ ಮೇಲಿತ್ತು.