ಒಂದೂ ಗೆಲ್ಲದವಳ ಕಪ್

"ಮುಂದಕ್ಕೆ ಹೋಗೇ ಅನು! ಆ ಕೆಂಪಂಗಿಯವಳನ್ನ ಹಿಂದಕ್ಕೆ ಹಾಕೇ!"

ಜ್ಞಾನಭಾರತಿಯ ರಸ್ತೆ ಬದಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುನಿಲಕ್ಷ್ಮಮ್ಮ ಕೂಗಿದ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದುಹೋದವು. ಮೊಮ್ಮಗಳ ಸೈಕಲ್ ರೇಸ್ ನೋಡೋಕೆ ಅಜ್ಜಿ ಹೇರೋಹಳ್ಳಿಯ ಮನೆಯಿಂದ ಸೊಸೆಯ ಜೊತೆ ಬಂದದ್ದು ಇದೇ ಮೊದಲು. ಬಂದಮೇಲೆ ಅವಳು ಫಸ್ಟ್ ಬರೋದನ್ನ ನೋಡಿಯೇ ಹೋಗಬೇಕು ತಾನೆ?

"ಸುಮ್ನಿರಿ ಅತ್ತೆ," ಅಂದಳು ಸೊಸೆ ಕಲಾ. "ಅವಳು ಇವತ್ತು ಗೆಲ್ಲೋದೇ ಬೇಡ. ಬೀಳದೆ ಮೊದಲ ಎಂಟರೊಳಗೆ ಗೆರೆ ದಾಟಿದ್ರೆ ಸಾಕು."

"ಹೆತ್ತ ತಾಯಿ ಆಡೋ ಮಾತೇನೇ ಇದು!"

ಕಲಾ ಬಿಡಿಸಿ ಹೇಳಿದಳು. ಇದು ಆರು ರೇಸಿನ ಸರಣಿ. ಫಸ್ಟ್ ಬಂದರೆ ಹತ್ತು ಪಾಯಿಂಟು, ಸೆಕೆಂಡಿಗೆ ಎಂಟು, ಇಳೀತಾ ಇಳೀತಾ ಏಳನೆಯವರಿಗೆ ಎರಡು, ಎಂಟನೆಯವರಿಗೂ ಒಂದು. ಬರದೇ ಇದ್ದರೆ, ಇಲ್ಲಾ ಅರ್ಧಕ್ಕೇ ನಿಂತರೆ, ಸೊನ್ನೆ. ಕೆಂಪಂಗಿಯ ವರಲಕ್ಷ್ಮಿ ಮೂರು ಸಲ ಗೆದ್ದಿದ್ದಾಳೆ, ಎರಡು ಸಲ ಬಂದೇ ಇಲ್ಲ. ಅನು ಒಂದೂ ಗೆದ್ದಿಲ್ಲ, ಆದರೆ ಐದಕ್ಕೂ ಬಂದು ಐದರಲ್ಲೂ ಸೆಕೆಂಡ್. "ಇವಳದು ಈಗ್ಲೇ ನಲವತ್ತು. ಇವತ್ತು ಗೆದ್ರೆ ಅವಳದೂ ನಲವತ್ತು. ಸಮ ಆದ್ರೆ ಹೆಚ್ಚು ಗೆದ್ದೋರಿಗೆ ಕಪ್. ನಮ್ಮ ಅನು ಬಿದ್ರೆ ವರ್ಷದ ಕಷ್ಟ ಎಲ್ಲಾ ನೀರುಪಾಲು."

"ಒಂದ್ಸಲಾನೂ ಗೆಲ್ಲದೋಳಿಗೆ ಕಪ್ಪಾ? ಯಾವ ಸೀಮೆ ನ್ಯಾಯ! ನಮ್ಮ ಮಧುಕುಮಾರನ್ನ ನೋಡು. ನಂದಿನಿ ಲೇಔಟಿಂದ ವರ್ಷಕ್ಕೊಂದ್ಸಲ ಬಂದ್ರೂ ರೇಷ್ಮೆ ಸೀರೆ ತಂದು ಗೆದ್ದುಬಿಡ್ತಾನೆ."

ಹಿರಿಮಗನ ಈ ಗುಣಗಾನ ಕಲಾಗೆ ಹೊಸದಲ್ಲ. ಚೀಲದಿಂದ ಬಿಪಿ ಮಾತ್ರೆ, ನೀರಿನ ಬಾಟಲಿ ತೆಗೆದು ಅತ್ತೆಯ ಕೈಗಿಟ್ಟಳು. ದಿನದಂತೆ ಅತ್ತೆ ಅದನ್ನು ನೋಡದೆಯೇ ನುಂಗಿದಳು.

ಕೊನೇ ತಿರುವಿನಲ್ಲಿ ಅನುವಿನ ಮುಂದಿದ್ದ ಇಬ್ಬರ ಹ್ಯಾಂಡಲ್ ಸಿಕ್ಕಿಕೊಂಡು ಧಡಾರನೆ ಬಿದ್ದರು. "ಅಯ್ಯೋ ನನ್ನ ಕಂದಾ!" ಅಜ್ಜಿಯ ಜೀವ ಬಾಯಿಗೆ ಬಂತು. ಅನು ಬ್ರೇಕ್ ಹಿಡಿದಳು, ಪಕ್ಕಕ್ಕೆಳೆದಳು, ಬಿದ್ದವರನ್ನು ಬಳಸಿಕೊಂಡು ಬಂದಳು. ಅಷ್ಟರಲ್ಲಿ ಹಿಂದಿದ್ದವರು ದಾಟಿಯೇ ಹೋದರು. ವರಲಕ್ಷ್ಮಿ ಫಸ್ಟ್. ಅನು ಏಳನೆಯವಳು.

"ಏಳನೇದು! ಇದನ್ನ ನೋಡೋಕೆ ಎರಡು ಬಸ್ ಹತ್ತಿ ಬಂದ್ನಾ?" ಅಂತ ಅಜ್ಜಿ ಗೊಣಗುತ್ತಿರುವಾಗಲೇ ಮೈಕಿನಲ್ಲಿ ಕೂಗಿದರು: ನಲವತ್ತೆರಡು ಪಾಯಿಂಟು, ಸರಣಿಯ ಚಾಂಪಿಯನ್ ಅನು. ಕಲಾ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಬೆವರು ಸುರಿಸುತ್ತ ಬಂದ ಅನು ಕಪ್ಪನ್ನು ಅಜ್ಜಿಯ ಮಡಿಲಿಗಿಟ್ಟು, "ಎಲ್ಲಾ ಸಲಾನೂ ಬಂದಿದ್ದಕ್ಕೆ ಕೊಟ್ಟಿದ್ದು ಕಣಜ್ಜಿ," ಅಂತ ನಕ್ಕಳು.

ಅಜ್ಜಿಯ ಫೋನು ಬಡಿದುಕೊಂಡಿತು. ಮಧುಕುಮಾರ. "ಅಮ್ಮಾ, ಗೌರಿ ಹಬ್ಬಕ್ಕೆ ಬರ್ತೀನಿ. ಈ ಸಲ ಇನ್ನೂ ದೊಡ್ಡ ಜರಿ ಅಂಚಿಂದು ತರ್ತೀನಿ."

ಮುನಿಲಕ್ಷ್ಮಮ್ಮ ಕಪ್ಪನ್ನು ನೋಡಿದಳು. ಕಣ್ಣೊರೆಸಿಕೊಂಡು ಮಾತ್ರೆ ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕುತ್ತಿದ್ದ ಸೊಸೆಯನ್ನು ನೋಡಿದಳು.

"ತಗೊಂಬಾರಪ್ಪಾ," ಅಂದಳು. "ಅವತ್ತಿನ ಹತ್ತು ಪಾಯಿಂಟು ನಿಂದೇ. ಕಪ್ ಮಾತ್ರ ಕಲಾದು."