ಎರಡೇ ನಿಮಿಷ

ಮೇಲ್ಪೇಟೆಯಲ್ಲಿ ಒಂದು ನಿಮಿಷ ಕಳೆದರೆ ಕೆಳಪೇಟೆಯಲ್ಲಿ ಒಂದು ದಿನ ಕಳೆಯುತ್ತದೆ. ಹುಲಿಗೆವ್ವ ಮೇಲ್ಪೇಟೆಯ ಮನೆಯೊಂದರಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಪಡಸಾಲೆಯ ಕಂಪ್ಯೂಟರಿಗೆ ಕೆಳಗಿನಿಂದ ಅವಳ ತಮ್ಮ ದುರುಗಪ್ಪನ ಸಂದೇಶ ಬಂತು. ‘ಅವ್ವ ವಾರ ದಾಟೂದಿಲ್ಲ ಅಂತ ಡಾಕ್ಟರ್ ಅಂದಾರ. ನಿನ್ನ ಹೆಸರ ಹಿಡದು ಕರೀತಾಳ, ಲಗೂನ ಬಾ.’

ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಓಡಿದಳು.

“ಏ ನಿಂದ್ರ! ಶುಕ್ರವಾರ ಮುತ್ತೈದಿ ಬರೇ ಹಣಿಲೆ ಹೋಗಬಾರದು. ಕುಂಕುಮ ಹಚ್ಚತೀನಿ,” ಎಂದರು ಮನೆಯೊಡತಿ ವತ್ಸಲಾಬಾಯಿ.

“ಬ್ಯಾಡ್ರಿ ಅಕ್ಕಾರ, ನಮ್ಮವ್ವ ಸಾಯಾಕತ್ಯಾಳ್ರಿ.”

ವತ್ಸಲಾಬಾಯಿ ಕಂಪ್ಯೂಟರಿನ ಮೂಲೆಯಲ್ಲಿದ್ದ ಪುಟ್ಟ ಸಮಯ ಪರಿವರ್ತಕವನ್ನು ತೆರೆದು ಎರಡು ನಿಮಿಷ ಎಂದು ಒತ್ತಿದರು. “ನೋಡು, ಕೆಳಗ ಎರಡು ದಿನಾನೇ ಆಗ್ತದ. ಡಾಕ್ಟರು ವಾರ ಅಂದಾರಲ್ಲ, ಅಳ್ತಿ ಯಾಕ?”

ಕುಂಕುಮದ ಭರಣಿ ದೇವರ ಮುಂದೆ ಇರಲಿಲ್ಲ. ಸೊಸೆ ಎಲ್ಲೋ ಎತ್ತಿಟ್ಟಿದ್ದಳು. ವತ್ಸಲಾಬಾಯಿ ಸೊಸೆಯನ್ನು ಬೈಯುತ್ತ ಒಂದೊಂದೇ ಕಪಾಟು ತೆರೆದು ಹುಡುಕಿದರು. ಒಡತಿ ಗುಂಡಿ ಒತ್ತದೆ ಪೇಟೆಯ ಗೇಟು ತೆರೆಯುವುದಿಲ್ಲ. ಹುಲಿಗೆವ್ವ ಪರದೆಯ ಮೇಲೆ ಕೆಳಪೇಟೆಯ ತಾರೀಖು ಬದಲಾಗುವುದನ್ನು ನೋಡುತ್ತ ನಿಂತಳು. ಅದು ಬದಲಾಗುತ್ತಲೇ ಇತ್ತು.

ಕೊನೆಗೆ ಭರಣಿ ಅಡುಗೆಮನೆಯ ಉಪ್ಪಿನ ಡಬ್ಬಿಯ ಹಿಂದೆ ಸಿಕ್ಕಿತು. ಒಡತಿ ಅವಳ ಹಣೆ ತುಂಬ ಕುಂಕುಮ ಹಚ್ಚಿ, ನಗುತ್ತ ಗುಂಡಿ ಒತ್ತಿದರು.

ಗೇಟಿನಾಚೆ ದುರುಗಪ್ಪ ನಿಂತಿದ್ದ. ಬೋಳಿಸಿದ ತಲೆಯ ಮೇಲೆ ಆಗಲೇ ಮುಳ್ಳಿನಂತೆ ಕೂದಲು ಮೂಡಿತ್ತು.

“ದಿನಾ ಬಂದು ಇಲ್ಲೇ ನಿಂತೇನಿ,” ಎಂದ. ಆಮೇಲೆ ಅಕ್ಕನ ಹಣೆ ನೋಡಿದ. “ಚಂದ ಹಚ್ಯಾರ ಬಿಡಕ್ಕ.”